ಕೆಳಗೆ ಕಪ್ಪು, ಮೇಲೆ ಕೆಂಪು: ಬೀದರಿನ ನಲವತ್ತು ಮಗ್‌ಗಳ ಪ್ರಕರಣ

ಬೀದರ ನಗರದ ಅತಿಥಿಗೃಹವೊಂದರ ಮಾಲೀಕರು ಶ್ರಾವಣ ಮುಗಿಯುವ ಹೊತ್ತಿಗೆ ನನ್ನ ಕಾರ್ಯಾಗಾರಕ್ಕೆ ಬಂದು 40 ಚಹಾ ಮಗ್‌ಗಳು ಬೇಕೆಂದರು. ದೀಪಾವಳಿಯ ಒಳಗೆ ಕೊಡಬೇಕು. ಕೋಟೆಯ ಚಿತ್ರ, ಗುಮ್ಮಟದ ಚಿತ್ರ ಯಾವುದೂ ಬೇಡ. "ನಮ್ಮ ನೆಲ ಕಾಣಬೇಕು ನೋಡವ್ವ. ಊರಿಗೆ ಬಂದವರು ಬೆಳಿಗ್ಗೆ ಚಹಾ ಕುಡಿಯುವಾಗ ಕೈಯಲ್ಲಿ ಬೀದರ ಇರಬೇಕು" ಎಂದರು. ಆ ಮಾತು ನನ್ನ ಮನಸ್ಸಿಗೆ ಹತ್ತಿತು. ದರ ಕೂಡ ಸರಿಯಾಗಿ ಮಾತಾಡದೆ ಒಪ್ಪಿಕೊಂಡೆ.

ಮುಂದಿನ ಒಂಬತ್ತು ವಾರಗಳಲ್ಲಿ ಗ್ಲೇಜ್‌ಗಾಗಿ, ಅಂದರೆ ಗಾಜಿನ ಹೊದಿಕೆಗಾಗಿ, ನಾಲ್ಕು ಬಾರಿ ಭಟ್ಟಿ ಹಚ್ಚಿದೆ. ಮೊದಲ ಬಾರಿ ತೆರೆದಾಗ 22 ಮಗ್‌ಗಳಲ್ಲಿ 15 ಭಟ್ಟಿಯೊಳಗಿನ ಹಲಗೆಗೆ ಕಚ್ಚಿಕೊಂಡಿದ್ದವು. ಅದು ಏಕಾಯಿತು, ಮುಂದೆ ಏನೇನು ಬದಲಿಸಿದೆ ಎಂಬುದನ್ನು ವಿವರವಾಗಿ ಬರೆದಿಡುತ್ತಿದ್ದೇನೆ. ಈ ಭಾಗದಲ್ಲಿ ಸ್ಟೋನ್‌ವೇರ್, ಅಂದರೆ ಹೆಚ್ಚು ಶಾಖದಲ್ಲಿ ಸುಟ್ಟ ಗಟ್ಟಿ ಪಾತ್ರೆ, ಮಾಡುವವರು ಕಡಿಮೆ. ನನಗೆ ಆಗ ಕನ್ನಡದಲ್ಲಿ ಇಂಥದ್ದೊಂದು ಬರಹ ಸಿಕ್ಕಿದ್ದರೆ ಆ 15 ಮಗ್‌ಗಳು ಉಳಿಯುತ್ತಿದ್ದವು.

ನೆಲ ಮತ್ತು ಮಗ್

ಬೀದರ ಎತ್ತರದ ಬಯಲಿನ ಮೇಲೆ ಕುಳಿತ ಊರು. ಹೊಸ ಮನೆಗೆ ಪಾಯ ತೋಡುವಲ್ಲಿ, ಹಳೆಯ ಬಾವಿಯ ಗೋಡೆಯಲ್ಲಿ ಅದರ ನೆಲ ಪದರ ಪದರವಾಗಿ ಕಾಣುತ್ತದೆ. ಮೇಲೆ ತೂತುತೂತಾದ ಕೆಂಪು ಲ್ಯಾಟರೈಟ್. ಮುರುಮ್ ಎಂದು ರಸ್ತೆಗೆ ಸುರಿಯುವ ಕೆಂಪು ಗರಸು ಹೆಚ್ಚಾಗಿ ಇದರದೇ. ಅದರ ಕೆಳಗೆ ಕೆಲವೆಡೆ ಕೈಗೆ ಮೆತ್ತಗೆ ಹತ್ತುವ ಬೂದುಬಿಳಿ ಜೇಡಿಯ ಪಟ್ಟಿ. ತಳದಲ್ಲಿ ಕರಿಕಲ್ಲು, ಅಂದರೆ ದಖ್ಖನ್ನಿನ ಲಾವಾ ಹರಿದು ಗಟ್ಟಿಯಾದ ಬಸಾಲ್ಟ್. ಮಳೆನೀರನ್ನು ಕೆಂಪು ಪದರ ಕುಡಿಯುತ್ತದೆ, ಕರಿಕಲ್ಲು ತಡೆದು ನಿಲ್ಲಿಸುತ್ತದೆ. ಬಹಮನಿ ಕಾಲದಲ್ಲಿ ನೌಬಾದಿನ ಸುರಂಗ ಬಾವಿಯನ್ನು ತೋಡಿದವರು ಈ ಎರಡು ಪದರ ಕೂಡುವಲ್ಲಿ ನಿಲ್ಲುವ ನೀರನ್ನೇ ನಂಬಿದ್ದರು.

ಮಗ್‌ನ ಮೈಯಲ್ಲಿ ನನಗೆ ಬೇಕಾಗಿದ್ದುದು ಇದೇ ನೋಟ: ತಳದಲ್ಲಿ ಕಪ್ಪು, ನಡುವೆ ಬಿಳಿಯ ಗೆರೆ, ಮೇಲೆ ಕೆಂಪು.

ಸ್ಟೋನ್‌ವೇರ್ ಎಂದರೇನು ಎಂದು ಕೇಳುವವರಿಗೆ ನಾನು ಅಡುಗೆಮನೆಯ ಉಪ್ಪಿನಕಾಯಿ ಭರಣಿಯನ್ನು ತೋರಿಸುತ್ತೇನೆ. ಹೆಗಲಿನಿಂದ ಮೇಲಕ್ಕೆ ಕಂದು, ಕೆಳಗೆ ಕೆನೆಬಿಳಿ ಬಣ್ಣದ ಆ ಭರಣಿ 1200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಸುಟ್ಟ ಜೇಡಿ. ಆ ಶಾಖದಲ್ಲಿ ಮೈಯೊಳಗಿನ ಖನಿಜಗಳು ಅರೆಕರಗಿ ಬೆಸೆದುಕೊಳ್ಳುವುದರಿಂದ ಉಪ್ಪುನೀರು ಹೊರಗೆ ಜಿನುಗುವುದಿಲ್ಲ. ನಮ್ಮ ಕುಂಬಾರರ ಮಡಕೆಯ ಗುಣವೇ ಬೇರೆ. ಕಡಿಮೆ ಶಾಖದಲ್ಲಿ ಸುಟ್ಟ ಅದು ಬೆವರಬೇಕು, ಬೆವರಿದರೇ ನೀರು ತಣ್ಣಗಾಗುವುದು. ಗ್ಲೇಜ್ ಎಂಬುದು ಮೈಗೆ ಹೊದಿಸಿದ ಗಾಜು. ಸಿಲಿಕಾ ಗಾಜಾಗುತ್ತದೆ, ಸುಣ್ಣ, ಸೋಡಾ, ಪೊಟ್ಯಾಷ್ ಅದನ್ನು ಬೇಗ ಕರಗಿಸುತ್ತವೆ, ಜೇಡಿಯಿಂದ ಬರುವ ಅಲ್ಯೂಮಿನಾ ಅದು ನೀರಾಗಿ ಹರಿದುಹೋಗದಂತೆ ಹಿಡಿದಿಡುತ್ತದೆ. ಈ ಮೂರರ ಎಳೆದಾಟವೇ ಗ್ಲೇಜಿನ ಕೆಲಸ. ಈ ಪ್ರಕರಣದ ಗಂಟೂ ಅಲ್ಲೇ ಬಿದ್ದಿತ್ತು.

ಊರಿನ ಎರೆಮಣ್ಣಿನಿಂದಲೇ ಮಗ್ ಏಕೆ ಮಾಡಬಾರದು ಎಂದು ಹಲವರು ಕೇಳುತ್ತಾರೆ. ಬೇಸಿಗೆಯ ಹೊಲದಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುವ ಮಣ್ಣು ತಿಗರಿಯ ಮೇಲೂ ಹಾಗೆಯೇ ಒಣಗಿ ಸೀಳುತ್ತದೆ. ಅದರಲ್ಲಿ ಸುಣ್ಣದ ಹರಳುಗಳೂ ಇರುತ್ತವೆ. ಮೊದಲ ಸುಡುವಿಕೆಯಲ್ಲಿ ಅವು ಸುಟ್ಟ ಸುಣ್ಣವಾಗಿ, ಆಮೇಲೆ ಗಾಳಿಯ ತೇವ ಹೀರಿ ಉಬ್ಬಿ, ಮೈಯ ಚಕ್ಕೆ ಎಬ್ಬಿಸುತ್ತವೆ. ಸ್ಟೋನ್‌ವೇರ್ ಶಾಖಕ್ಕೆ ಆ ಮಣ್ಣು ನಿಲ್ಲುವುದೂ ಇಲ್ಲ, ಕುಸಿಯುತ್ತದೆ. ಹಾಗಾಗಿ ಮೈಗೆ ಹೊರಗಿನಿಂದ ತರಿಸಿದ ಸ್ಟೋನ್‌ವೇರ್ ಜೇಡಿ, ಹೊದಿಕೆಗೆ ನಮ್ಮ ನೆಲ ಎಂದು ನಿರ್ಧರಿಸಿದೆ. ಪ್ರತಿ ಮಗ್‌ಗೆ 420 ಗ್ರಾಂ ಜೇಡಿ. ತಿಗರಿಯ ಮೇಲೆ 11.5 ಸೆಂಟಿಮೀಟರ್ ಎತ್ತರ ಎತ್ತಿದರೆ ಒಣಗಿ ಸುಟ್ಟ ಮೇಲೆ ಸುಮಾರು 10 ಉಳಿಯುತ್ತದೆ. ಮೊದಲ ಸುಡುವಿಕೆ 980 ಡಿಗ್ರಿಗೆ, ಗ್ಲೇಜ್ ಸುಡುವಿಕೆ ಕೋನ್ 6ಕ್ಕೆ, ಅಂದರೆ 1222 ಡಿಗ್ರಿಯ ಹತ್ತಿರ. ಕೋನ್ ಎಂದರೆ ಗೊತ್ತಾದ ಶಾಖಕ್ಕೆ ಬಾಗಿ ಅಳತೆ ತೋರಿಸುವ ಸಣ್ಣ ಶಂಕು. ಭಟ್ಟಿ ವಿದ್ಯುತ್ತಿನದು.

ಹೊದಿಕೆಯ ಸಾಮಗ್ರಿ ಕೂಡಿಸುವ ಕೆಲಸದಲ್ಲಿ ನನಗೆ ಸಿಕ್ಕ ಸಂತೋಷ ದೊಡ್ಡದು. ಕಪ್ಪಿಗೆ ಜಲ್ಲಿ ಕ್ರಷರಿನ ಕರಿಕಲ್ಲಿನ ಪುಡಿ. ಅದನ್ನು ನೀರಿನಲ್ಲಿ ಕಲಕಿ, ಒರಟು ಭಾಗ ತಳಕ್ಕಿಳಿದ ಮೇಲೆ ನಯವಾದ ನೀರನ್ನು ಬಸಿದು ಒಣಗಿಸಿದೆ. ಕೆಂಪಿಗೆ ಮನೆಯ ಪಾಯದಿಂದ ತೆಗೆದ ಲ್ಯಾಟರೈಟ್. ಸುಣ್ಣಕ್ಕೆ ಕಲಬುರಗಿ ಕಡೆಯಿಂದ ಬರುವ ಶಹಾಬಾದ್ ಕಲ್ಲನ್ನು ಪಾಲಿಶ್ ಮಾಡುವಾಗ ಉಳಿಯುವ ಕೆಸರು. ಶಹಾಬಾದ್ ಕಲ್ಲು ಸುಣ್ಣದ ಕಲ್ಲೇ. ಇನ್ನು ಬೂದಿ. ತೊಗರಿಯ ನಾಡಿನಲ್ಲಿ ತೊಗರಿ ಕಟ್ಟಿಗೆ ಉರಿಸದ ಒಲೆ ಕಡಿಮೆ. ಆ ಬೂದಿಯಲ್ಲಿ ಸುಣ್ಣವೂ ಪೊಟ್ಯಾಷೂ ಇರುವುದರಿಂದ ಅದು ಕಲ್ಲನ್ನು ಕರಗಿಸುವ ವಸ್ತು. ಚೀನಾ, ಜಪಾನ್, ಕೊರಿಯಾಗಳ ಹಳೆಯ ಸ್ಟೋನ್‌ವೇರ್ ಗ್ಲೇಜ್‌ಗಳು ಕಟ್ಟಿಗೆಯ ಬೂದಿಯಿಂದಲೇ ಬೆಳೆದು ಬಂದವು. ಇವನ್ನೆಲ್ಲ ಒಣ ಪುಡಿಯಾಗಿ ಮುಟ್ಟುವಾಗ ಮೂಗಿಗೆ ಒಳ್ಳೆಯ ಮಾಸ್ಕ್ ಇರಲೇಬೇಕು. ಕಲ್ಲಿನ ಧೂಳು ಶ್ವಾಸಕೋಶಕ್ಕೆ ಹೋದರೆ ಮರಳಿ ಬರುವುದಿಲ್ಲ.

ಮೊದಲ ಭಟ್ಟಿ

ನಾನು ಕಣ್ಣಿಗೆ ಕಂಡ ಹಾಗೆ ಬಳಿದೆ. ಕೆಳಗಿನ ಮೂರನೆಯ ಒಂದು ಭಾಗಕ್ಕೆ ಕರಿಕಲ್ಲು ಮತ್ತು ಬೂದಿಯ ಗ್ಲೇಜ್, ಕನ್ನಡಿಯಂತೆ ಹೊಳೆಯಲಿ ಎಂದು ಬೂದಿ ಧಾರಾಳವಾಗಿ. ನಡುವೆ ಬಿಳಿ. ಮೇಲೆ ಲ್ಯಾಟರೈಟ್ ಪುಡಿಗೆ ಒಂದಿಷ್ಟು ಫೆಲ್ಡ್‌ಸ್ಪಾರ್ (ಗ್ಲೇಜಿಗೆ ಬಳಸುವ ಖನಿಜ) ಬೆರೆಸಿದ ಕೆಂಪು. ಮೂರೂ ಪಟ್ಟಿ ಬ್ರಷ್ಷಿನಿಂದ, ಗಡಿ ಕೂಡುವಂತೆ ಎಚ್ಚರಿಕೆಯಿಂದ. ಒಳಮೈಗೂ ಬೂದಿಯ ಬಿಳಿ ಗ್ಲೇಜ್.

ಮಹಮೂದ್ ಗವಾನನ ಮದರಸಾದ ಉಳಿದ ಮಿನಾರು ನನ್ನ ಕಣ್ಣಲ್ಲಿತ್ತು. 1472ರಲ್ಲಿ ಎದ್ದ ಆ ಕಟ್ಟಡದ ಮುಖದ ಮೇಲೆ ಬಣ್ಣದ ಗ್ಲೇಜ್ ಬಿಲ್ಲೆಗಳು ಇಂದಿಗೂ ಅಲ್ಲಲ್ಲಿ ಉಳಿದಿವೆ. ಒಂದು ಬಣ್ಣ ಇನ್ನೊಂದರ ಗಡಿ ದಾಟಿಲ್ಲ. ನನ್ನ ಪಟ್ಟಿಗಳೂ ಹಾಗೆಯೇ ನಿಲ್ಲುತ್ತವೆ ಎಂದುಕೊಂಡೆ. ಆದರೆ ಬಿಲ್ಲೆಯನ್ನು ಮಲಗಿಸಿ ಸುಡಬಹುದು, ಮಗ್ ನಿಂತೇ ಸುಡಬೇಕು. ನಿಂತ ಮೈಯ ಮೇಲೆ ಕರಗಿದ ಗಾಜು ಇಳಿಯುತ್ತದೆ. ಇಷ್ಟು ಸರಳವಾದ ವಿಷಯ ಗೊತ್ತಿದ್ದೂ ನನ್ನ ಲೆಕ್ಕಕ್ಕೆ ಬಂದಿರಲಿಲ್ಲ.

ಭಟ್ಟಿ ತೆರೆದಾಗ ಕಂಡದ್ದು ಹೀಗಿತ್ತು. ಕರಿಕಲ್ಲಿನ ಗ್ಲೇಜ್ ಬೂದಿಯ ಬಲದಿಂದ ನೀರಾಗಿ ಕೆಳಗಿಳಿದು ಮಗ್‌ನ ಬುಡದಲ್ಲಿ ಮಡುಗಟ್ಟಿ, ಹಲಗೆಗೆ ಬೆಸೆದುಕೊಂಡಿತ್ತು. ಸುತ್ತಿಗೆಯಿಂದ ತಟ್ಟಿದರೆ ಮಗ್ ಒಡೆಯುತ್ತಿತ್ತು, ಗಾಜು ಬಿಡುತ್ತಿರಲಿಲ್ಲ. ಮೇಲಿನ ಲ್ಯಾಟರೈಟ್ ಇದ್ದ ಜಾಗದಿಂದ ಕದಲಿರಲಿಲ್ಲ. ಅದು ಕರಗಿಯೇ ಇರಲಿಲ್ಲ. ತುಟಿ ಇಡುವ ಅಂಚು ಇಟ್ಟಿಗೆಯಷ್ಟು ಒರಟು. ಬಣ್ಣವೂ ಕೆಂಪಲ್ಲ, ಸತ್ತ ಕಂದು. ಬಿಳಿಯ ಗೆರೆ ಕಪ್ಪಿನೊಳಗೆ ಇಳಿದು ಮಾಯವಾಗಿತ್ತು.

ಎರಡು ದಿನ ನಾನು ಆ ಹಲಗೆಗಳನ್ನು ಮುಟ್ಟಲಿಲ್ಲ. ಮೂರನೆಯ ದಿನ ಭಾಲ್ಕಿ ಕಡೆಯ ಹಿರಿಯ ಕುಂಬಾರರೊಬ್ಬರು ಬಂದರು. ನಾನು ಅವರನ್ನು ಕಾಕಾ ಎನ್ನುತ್ತೇನೆ. ಗ್ಲೇಜ್ ಅವರ ಕಸುಬಲ್ಲ, ಆದರೆ ಅರವತ್ತು ವರ್ಷ ಬೆಂಕಿ ನೋಡಿದ ಕಣ್ಣು. ಮಡುಗಟ್ಟಿದ ಗಾಜಿನ ಮೇಲೆ ಹೆಬ್ಬೆರಳು ಆಡಿಸಿ ಕೇಳಿದರು: "ತಂಗಿ, ಇದರಲ್ಲಿ ಹರಿಯುವುದು ಯಾವುದು, ನಿಲ್ಲುವುದು ಯಾವುದು?"

"ಕೆಳಗಿನದು ಹರಿಯುತ್ತದೆ ಕಾಕಾ, ಮೇಲಿನದು ನಿಲ್ಲುತ್ತದೆ."

"ಹರಿಯುವುದನ್ನು ಕೆಳಗೆ ಇಟ್ಟರೆ ಅದನ್ನು ಹಿಡಿಯುವವರು ಯಾರು?"

ಆ ಪ್ರಶ್ನೆಯಿಂದ ಕೆಲಸದ ದಿಕ್ಕು ಬದಲಾಯಿತು. ನಾನು ನೆಲವನ್ನು ಬಣ್ಣದ ಕ್ರಮದಲ್ಲಿ ನೋಡಿದ್ದೆ. ಆದರೆ ನೆಲದಲ್ಲಿ ಕರಿಕಲ್ಲು ಕೆಳಗಿರುವುದು ತಡೆಯುವ ಪದರವಾಗಿ. ನನ್ನ ಮಗ್‌ನಲ್ಲಿ ಕರಿಕಲ್ಲೇ ಹರಿದಿತ್ತು. ಏಕೆಂದರೆ ಬೂದಿಯನ್ನು ಅದಕ್ಕೆ ಕೊಟ್ಟವಳು ನಾನು. ಬೂದಿ ಇಲ್ಲದೆಯೂ ಬಸಾಲ್ಟ್ ಈ ಶಾಖದ ಆಸುಪಾಸಿನಲ್ಲಿ ಮೆತ್ತಗಾಗುವ ಕಲ್ಲು. ಲ್ಯಾಟರೈಟ್ ಇದಕ್ಕೆ ತದ್ವಿರುದ್ಧ: ಲಕ್ಷಾಂತರ ವರ್ಷಗಳ ಮಳೆ ಅದರಿಂದ ಸುಣ್ಣ, ಸೋಡಾ, ಪೊಟ್ಯಾಷ್‌ಗಳನ್ನೆಲ್ಲ ತೊಳೆದುಹಾಕಿದೆ. ಉಳಿದದ್ದು ಕಬ್ಬಿಣ ಮತ್ತು ಅಲ್ಯೂಮಿನಾ. ಕರಗಿಸುವ ವಸ್ತುವೇ ಇಲ್ಲದ ಕಲ್ಲು ಕರಗುವುದಾದರೂ ಹೇಗೆ?

ಬದಲಿಸಿದ್ದು

ಬಣ್ಣಗಳ ಜಾಗ ಬದಲಿಸಲಿಲ್ಲ, ಅವುಗಳ ಗುಣ ಬದಲಿಸಿದೆ. ಕೆಳಗಿನ ಕಪ್ಪನ್ನು ಗಡುಸು ಮಾಡಬೇಕು, ಮೇಲಿನ ಕೆಂಪನ್ನು ಹರಿಯುವಂತೆ ಮಾಡಬೇಕು. ಕೆಂಪು ಇಳಿದು ಬಂದು ಕಪ್ಪಿನ ಮೇಲೆ ನಿಲ್ಲಬೇಕು.

ಕಪ್ಪು ಹೊಳೆಯದಿದ್ದರೆ ಚೆನ್ನಾಗಿರುವುದಿಲ್ಲ ಎಂಬ ನನ್ನ ಭಯವನ್ನು ಬಿಡಿಸಿದ್ದು ಬಿದ್ರಿ. ಸತು ಮತ್ತು ತಾಮ್ರದ ಮಿಶ್ರಲೋಹದ ಪಾತ್ರೆಗೆ ಬೆಳ್ಳಿ ಕೂಡಿಸಿ, ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಂದಿಗೆ ಕಲಸಿ ಅದರಲ್ಲಿ ಕಾಯಿಸಿದಾಗ ಲೋಹ ಮಾತ್ರ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಆ ಕಪ್ಪಿಗೆ ಮಿರುಗಿಲ್ಲ. ಮಿರುಗಿಲ್ಲದ್ದರಿಂದಲೇ ಬೆಳ್ಳಿ ಅಷ್ಟು ಏಳುತ್ತದೆ. ಊರಿನ ತುಂಬ ಇಂಥ ಕಪ್ಪು ಇರುವಾಗ ನಾನು ಕನ್ನಡಿಯ ಕಪ್ಪನ್ನು ಹುಡುಕಿಕೊಂಡು ಹೋಗಿದ್ದೆ.

ಹೊಸ ಕಪ್ಪು: ಕರಿಕಲ್ಲಿನ ಪುಡಿ 75 ಪಾಲು, ಚೀನಾ ಜೇಡಿ 25 ಪಾಲು, ಮೇಲೆ ಕಬ್ಬಿಣದ ಆಕ್ಸೈಡ್ 3 ಪಾಲು. ಬೂದಿ ಇಲ್ಲ, ಶಹಾಬಾದ್ ಪುಡಿ ಇಲ್ಲ. ಜೇಡಿಯ ಅಲ್ಯೂಮಿನಾ ಕಲ್ಲನ್ನು ಹಿಡಿದು ನಿಲ್ಲಿಸುತ್ತದೆ. ಇದನ್ನು ಅಂಚಿನ ಕೆಳಗಿನಿಂದ ಬುಡದವರೆಗೆ ಇಡೀ ಹೊರಮೈಗೆ ಕೊಟ್ಟೆ, ಬುಡದಲ್ಲಿ 6 ಮಿಲಿಮೀಟರ್ ಬರಿಯ ಜೇಡಿ ಬಿಟ್ಟು. ಬುಡದ ಆ ಪಟ್ಟಿಗೆ ಮೊದಲೇ ಮೇಣ ಸವರಿದರೆ ಗ್ಲೇಜ್ ಹತ್ತುವುದಿಲ್ಲ.

ಹೊಸ ಕೆಂಪು ಹೆಚ್ಚು ದಿನ ತಿಂದಿತು. ಲ್ಯಾಟರೈಟಿನ ಕೆಂಪು ಎಂದರೆ ಕಬ್ಬಿಣದ ಕೆಂಪು. ಮಡಕೆ ಸುಡುವ ಶಾಖದಲ್ಲಿ ಆ ಕೆಂಪು ಹಾಗೆಯೇ ಉಳಿಯುತ್ತದೆ, ನಮ್ಮ ಹಂಚು ಮತ್ತು ಇಟ್ಟಿಗೆ ಕೆಂಪಾಗಿರುವುದು ಅದರಿಂದಲೇ. 1200 ದಾಟಿದಾಗ ಕಬ್ಬಿಣ ಕರಗಿದ ಗಾಜಿನೊಳಗೆ ಸೇರಿಹೋಗುತ್ತದೆ. ಆಗ ಪ್ರಮಾಣಕ್ಕೆ ತಕ್ಕಂತೆ ಜೇನುಬಣ್ಣ, ಕಂದು, ಕಪ್ಪು. ಚೀನಾದ ಸೋಂಗ್ ಕಾಲದ ಕಪ್ಪು ಚಹಾ ಬಟ್ಟಲುಗಳ ಬಣ್ಣವೂ ಕಬ್ಬಿಣದ್ದೇ. ಕೆಂಪು ಬೇಕಾದರೆ ಕಬ್ಬಿಣ ಹೆಚ್ಚಿರಬೇಕು, ಗಾಜಿನಲ್ಲಿ ಫಾಸ್ಫೇಟ್ ಇರಬೇಕು, ಆರುವಾಗ ಕಬ್ಬಿಣ ಮತ್ತೆ ಹರಳಾಗಿ ಮೇಲ್ಮೈಗೆ ಬರಬೇಕು. ಪುಸ್ತಕಗಳು ಇದಕ್ಕೆ ಮೂಳೆಯ ಬೂದಿ ಹೇಳುತ್ತವೆ. ನಮ್ಮ ಭಾಗದಲ್ಲಿ ಎಷ್ಟೋ ಮನೆಗಳಿಗೆ ಮೂಳೆ ಬೆರೆತ ಪಾತ್ರೆ ಸಲ್ಲುವುದಿಲ್ಲ. ಹೇಳದೆ ಬಳಸುವುದು ನನಗೆ ಸಾಧ್ಯವಿಲ್ಲ. ಕಾರ್ಖಾನೆಯಲ್ಲಿ ತಯಾರಾಗುವ ಕ್ಯಾಲ್ಸಿಯಂ ಫಾಸ್ಫೇಟ್ ತರಿಸಿದೆ, ಗ್ಲೇಜಿಗೆ ಅದೂ ಅಷ್ಟೇ ಚೆನ್ನಾಗಿ ಒಪ್ಪುತ್ತದೆ. ನೂರಕ್ಕೆ ಲ್ಯಾಟರೈಟ್ 22, ಫಾಸ್ಫೇಟ್ 12, ಉಳಿದದ್ದು ಫೆಲ್ಡ್‌ಸ್ಪಾರ್, ಸಿಲಿಕಾ, ಒಂದಿಷ್ಟು ಬಳಪದ ಕಲ್ಲಿನ ಪುಡಿ, ತೊಳೆದ ತೊಗರಿ ಬೂದಿ. ಒಂದು ಪಾಯದ ಲ್ಯಾಟರೈಟ್ ಇನ್ನೊಂದರಂತೆ ಇರುವುದಿಲ್ಲ. ಆದ್ದರಿಂದ ಈ 22 ನನ್ನ ಆ ಒಂದು ಗೋಣಿಚೀಲಕ್ಕೆ ಮಾತ್ರ ಹೊಂದುವ ಅಂಕಿ. ಬೇರೆಯವರು ತಮ್ಮ ಮಣ್ಣಿಗೆ ಪರೀಕ್ಷೆ ಮಾಡಿಕೊಳ್ಳಬೇಕು.

ಬೂದಿಯನ್ನು ತೊಳೆಯುವುದು ಮುಖ್ಯ. ಮೂರು ಸಲ ನೀರು ಹಾಕಿ ಬಸಿಯಬೇಕು, ಕೈಗೆ ರಬ್ಬರ್ ಗವಸು ಇರಬೇಕು, ಆ ನೀರು ಚರ್ಮ ಕೊರೆಯುವಷ್ಟು ಕಾರ. ತೊಳೆಯದಿದ್ದರೆ ನೀರಿನಲ್ಲಿ ಕರಗಿದ ಪೊಟ್ಯಾಷ್ ಜೇಡಿಯ ಮೈಯೊಳಗೆ ಇಳಿದು ಅಲ್ಲಿ ಕಾಟ ಕೊಡುತ್ತದೆ.

ಎರಡನೆಯ ಭಟ್ಟಿಗೆ ಮಗ್ ಇಡಲಿಲ್ಲ. ಗೋಡೆಯಂತೆ ನಿಲ್ಲುವ 30 ಪರೀಕ್ಷಾ ಬಿಲ್ಲೆಗಳನ್ನು ಇಟ್ಟೆ, ಪ್ರತಿಯೊಂದರ ಕೆಳಗೂ ಹರಿದದ್ದನ್ನು ಹಿಡಿಯಲು ಜೇಡಿಯ ಸಣ್ಣ ತಟ್ಟೆ. ಕಪ್ಪಿನ ಮೇಲೆ ಕೆಂಪು ಎಷ್ಟು ಇಳಿಯುತ್ತದೆ ಎಂದು ಅಳತೆಪಟ್ಟಿ ಹಿಡಿದು ಅಳೆದೆ. ಬಣ್ಣಕ್ಕಿಂತ ದಪ್ಪವೇ ಹೆಚ್ಚು ಆಟ ಆಡಿಸಿತು. ಕೆಂಪು ಗ್ಲೇಜಿನ ಒಂದು ಲೀಟರ್ 1450 ಗ್ರಾಂ ತೂಗುವಂತೆ ನೀರು ಹೊಂದಿಸಿ, ಮೂರು ಎಣಿಸುವಷ್ಟು ಹೊತ್ತು ಅದ್ದಿದಾಗ ಇಳಿತ ಹಿಡಿತದಲ್ಲಿತ್ತು. ಐದು ಎಣಿಸಿದರೆ ತಟ್ಟೆ ತುಂಬುತ್ತಿತ್ತು. ಕೆಂಪಿಗೆ ಬ್ರಷ್ ಬಿಟ್ಟು ಅದ್ದುವುದಕ್ಕೆ ಬಂದದ್ದು ಇದೇ ಕಾರಣಕ್ಕೆ. ಕೆಂಪು ಇಳಿಯುವಾಗ ಬೂದಿ ಅದನ್ನು ಸಣ್ಣ ಸಣ್ಣ ಎಳೆಗಳಾಗಿ ಒಡೆಯುತ್ತದೆ. ಮುಂಗಾರು ಮಳೆ ಕೆಂಪು ದಿಬ್ಬದ ಮೇಲೆ ಕೊರೆಯುವ ಕೊರಕಲುಗಳನ್ನು ನೋಡಿದವರಿಗೆ ಅದು ಯಾವ ನೋಟವೆಂದು ಹೇಳಬೇಕಾಗಿಲ್ಲ. ನಾನು ಅದನ್ನು ಬಿಡಿಸಲು ಹೋಗಿದ್ದರೆ ಎಂದೂ ಬರುತ್ತಿರಲಿಲ್ಲ.

ಇದರ ನಡುವೆ ಇನ್ನೊಂದು ತಪ್ಪು ಬೆಳಕಿಗೆ ಬಂದಿತು. ಮೊದಲ ಭಟ್ಟಿಯಲ್ಲಿ ಉಳಿದ ಏಳು ಮಗ್‌ಗಳನ್ನು ಮನೆಯಲ್ಲಿ ಬಳಸುತ್ತಿದ್ದೆವು. ಮೂರು ವಾರದಲ್ಲಿ ಒಳಮೈಯ ಬಿಳಿಯ ಮೇಲೆ ಜೇಡರ ಬಲೆಯಂಥ ಗೆರೆಗಳು ಎದ್ದು, ಚಹಾದ ಬಣ್ಣ ಅವುಗಳಲ್ಲಿ ಕೂತಿತು. ಪೊಟ್ಯಾಷ್ ಹೆಚ್ಚಿದ ಗಾಜು ಆರುವಾಗ ಮೈಯ ಜೇಡಿಗಿಂತ ಹೆಚ್ಚು ಕುಗ್ಗುತ್ತದೆ, ಎಳೆತ ತಾಳದೆ ಸೀಳುತ್ತದೆ. ಬೂದಿಯನ್ನು ಒಳಗೆ ಹಾಕಿದ್ದೇ ತಪ್ಪು. ಒಳಮೈಗೆ ಸಿಲಿಕಾ ಹೆಚ್ಚಿಸಿದ, ಯಾವ ಬಣ್ಣವೂ ಇಲ್ಲದ ಪಾರದರ್ಶಕ ಗ್ಲೇಜ್ ಆರಿಸಿದೆ. ಕುದಿಯುವ ನೀರಿನಿಂದ ತೆಗೆದು ಮಂಜುಗಡ್ಡೆಯ ನೀರಿಗೆ ಅದ್ದುವ ಪರೀಕ್ಷೆಯನ್ನು ಐದು ಸಲ ಮಾಡಿದೆ, ನಿಂಬೆಹೋಳು ಇಟ್ಟು ರಾತ್ರಿ ಬಿಟ್ಟೆ. ಸೀಳಲಿಲ್ಲ, ಮಾಸಲಿಲ್ಲ. ಬಾಯಿಗೆ ತಾಗುವ ಅಂಚಿಗೂ ಅದೇ ಗ್ಲೇಜ್. ನೆಲದ ಆಟವೆಲ್ಲ ಅಂಚಿನಿಂದ ಒಂದು ಸೆಂಟಿಮೀಟರ್ ಕೆಳಗೆ, ಹೊರಗಡೆ ಮಾತ್ರ. ಇದು ನನ್ನ ಕಾರ್ಯಾಗಾರದಲ್ಲಿ ಈಗ ಮೀರಬಾರದ ನಿಯಮ.

ಮೂರು ಮತ್ತು ನಾಲ್ಕನೆಯ ಭಟ್ಟಿ

ಮೂರನೆಯದರಲ್ಲಿ 22 ಮಗ್‌ಗಳು. ಒಂದೂ ಅಂಟಲಿಲ್ಲ. ಕೆಂಪು ಇಳಿದು ಕಪ್ಪಿನ ಮೇಲೆ ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿತ್ತು. ಆದರೆ ಹದಿನಾರರಲ್ಲಿ ಅದು ಕೆಂಪಾಗಿರಲಿಲ್ಲ, ಬೆಲ್ಲದ ಕಂದಾಗಿತ್ತು. ನಡುವಿನ ಹಲಗೆಯಲ್ಲಿ ಒತ್ತೊತ್ತಾಗಿ ಇಟ್ಟಿದ್ದ ಆರು ಮಾತ್ರ ಅಪ್ಪಟ ಕೆಂಪು.

ಒಂದೇ ಬಕೆಟ್ಟಿನ ಗ್ಲೇಜ್, ಒಂದೇ ಕೈ, ಒಂದೇ ಶಾಖ. ಕೋನ್‌ಗಳೂ ಮೂರು ಹಲಗೆಗಳಲ್ಲಿ ಒಂದೇ ಸಮ ಬಾಗಿದ್ದವು. ಬೇರೆಯಾಗಿದ್ದುದು ಒಂದೇ: ಒತ್ತಾಗಿದ್ದ ನಡುವಿನ ಹಲಗೆ ನಿಧಾನವಾಗಿ ಆರಿತ್ತು. ನನ್ನದು ಸಣ್ಣ ಭಟ್ಟಿ, ತಂತಿ ಆರಿಸಿದ ಕೂಡಲೇ ಶಾಖ ಧಡಧಡನೆ ಇಳಿಯುತ್ತದೆ. ಕಬ್ಬಿಣಕ್ಕೆ ಹರಳಾಗಲು ಸಮಯವೇ ಸಿಗುವುದಿಲ್ಲ. ನಾಲ್ಕನೆಯ ಬಾರಿ 1222 ಮುಟ್ಟಿದ ಮೇಲೆ 1040ರವರೆಗೆ ತಾನಾಗಿ ಇಳಿಯಲು ಬಿಟ್ಟು, ಅಲ್ಲಿಂದ 820ರವರೆಗೆ ಗಂಟೆಗೆ 70 ಡಿಗ್ರಿಯಂತೆ ಇಳಿಸಿದೆ. ಮೂರು ಗಂಟೆಗೂ ಹೆಚ್ಚು ಹೊತ್ತು ಭಟ್ಟಿಯ ಪಕ್ಕದಲ್ಲಿ ಕುಳಿತು, ಗುಂಡಿ ತಿರುಗಿಸುತ್ತ, ಅಂಕಿ ನೋಡುತ್ತ. ಕರೆಂಟ್ ಹೋಗದಿರಲಿ ಎಂಬುದೊಂದೇ ಹಾರೈಕೆ. ಹೋಗಲಿಲ್ಲ.

ಹೊಸ 20ರಲ್ಲಿ 18 ಕೆಂಪಾಗಿ ಬಂದವು. ಎರಡು ತಂತಿಗೆ ತೀರ ಹತ್ತಿರವಿದ್ದು ಗುಳ್ಳೆ ಎದ್ದಿದ್ದವು. ಹಿಂದಿನ ಕಂದು ಮಗ್‌ಗಳಲ್ಲಿ ಎರಡನ್ನು ಮತ್ತೆ ಇಟ್ಟು ನೋಡಿದ್ದೆ. ಒಂದು ಕೆಂಪಾಯಿತು. ಇನ್ನೊಂದು ಎರಡನೆಯ ಸಲದ ಶಾಖಕ್ಕೆ ಹರಿದು ಅಂಟಿತು. ಉಳಿದ 14ನ್ನು ಪಣಕ್ಕಿಡಲು ನನಗೆ ಧೈರ್ಯ ಬರಲಿಲ್ಲ.

ದೀಪಾವಳಿಗೆ ಐದು ದಿನ ಮುಂಚೆ ಮಾಲೀಕರನ್ನು ಕರೆದು 25 ಕೆಂಪು, 14 ಕಂದು ಮಗ್‌ಗಳನ್ನು ಮುಂದಿಟ್ಟು ಆದದ್ದನ್ನೆಲ್ಲ ಹೇಳಿದೆ. ಅವರು ಒಂದು ಕಂದು ಮಗ್ ಎತ್ತಿ ಬೆಳಕಿಗೆ ತಿರುಗಿಸಿ, "ಇದು ನಮ್ಮ ಜನವರಿಯ ಹೊಲ ಅಲ್ಲವೇನವ್ವ, ತೊಗರಿ ಕೊಯ್ದ ಮೇಲಿನದು?" ಎಂದು ಅವನ್ನೂ ಒಪ್ಪಿಕೊಂಡರು. ಕಂದು ಮಗ್‌ಗಳಿಗೆ ಬೆಲೆ ಇಳಿಸಿದೆ. ಕೇಳಿದ್ದು ಕೆಂಪು, ಕೊಟ್ಟದ್ದು ಕಂದು, ಪೂರ್ತಿ ಹಣ ಪಡೆಯುವುದು ಸರಿಯಲ್ಲ.

ಪೆಟ್ಟಿಗೆಗೆ ಹಾಕುವ ಮುಂಚೆ ಕಾಕಾ ಪ್ರತಿಯೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೆ ಹಿಡಿದರು. ಗಡಿಗೆ ಬಾರಿಸಿ ಶಿವನನ್ನು ಕುಣಿಸಿದನೆಂದು ಹೇಳುವ ಶರಣ ಕುಂಬಾರ ಗುಂಡಯ್ಯ ಭಾಲ್ಕಿಯವನು, ಆ ಕಡೆಯವರಿಗೆ ಮಣ್ಣಿನ ಸದ್ದು ಕೇಳಲು ಕಲಿಸಬೇಕಾಗಿಲ್ಲ. ಒಂದು ಕಂದು ಮಗ್ ಮಂದವಾಗಿ ದಬ್ ಎಂದಿತು. ಹಿಡಿ ಮೈಗೆ ಕೂಡುವಲ್ಲಿ ಕೂದಲೆಳೆಯ ಬಿರುಕು. ಹಿಡಿ ಹಚ್ಚಿದ ದಿನ ಮಳೆ ಬಿಟ್ಟ ಬಿಸಿಲಿಗೆ ಮಗ್‌ಗಳನ್ನು ಹೊರಗೆ ಒಣಗಿಸಿದ್ದೆ, ತೆಳುವಾದ ಹಿಡಿ ಮೈಗಿಂತ ಬೇಗ ಒಣಗಿ ಎಳೆದಿತ್ತು. ಈಗ ಹಿಡಿ ಹಚ್ಚಿದ ಮಗ್‌ಗಳನ್ನು ಪ್ಲಾಸ್ಟಿಕ್ ಹೊದಿಸಿ ಎರಡು ದಿನ ನೆರಳಿನಲ್ಲಿ ಇಡುತ್ತೇನೆ. ಅಂದು 38 ಮಗ್‌ಗಳು ಹೋದವು, ಬಾಕಿ ಎರಡನ್ನು ಹಬ್ಬದ ನಂತರ ಕೊಟ್ಟೆ.

ಉಳಿದಿರುವುದು

ಬಿಳಿಯ ಗೆರೆ ಇನ್ನೂ ನನ್ನ ಮಾತು ಕೇಳುತ್ತಿಲ್ಲ. ಕೆಂಪಿಗೂ ಕಪ್ಪಿಗೂ ನಡುವೆ ಅದು ಹೆಚ್ಚಿನ ಮಗ್‌ಗಳಲ್ಲಿ ಮಸುಕಾಗಿ ಕಂಡು ಅಳಿಯುತ್ತದೆ. ಹಿಡಿಯ ಹಿಂಬದಿಯಲ್ಲಿ ಮಾತ್ರ ಸ್ಪಷ್ಟವಾಗಿ ನಿಂತಿದೆ. ಆ ಇಕ್ಕಟ್ಟಿನಲ್ಲಿ ಬ್ರಷ್ ಒಮ್ಮೆಗೆ ಹೋಗದೆ ಎರಡು ಸಲ ಸವರಬೇಕಾದ್ದರಿಂದ ಅಲ್ಲಿ ಪದರ ದಪ್ಪವಾಗಿದೆ. ಮುಂದಿನ ಭಟ್ಟಿಗೆ ಬಿಳಿಯನ್ನು ರಬ್ಬರ್ ಪಿಚಕಾರಿಯಿಂದ ಗಟ್ಟಿ ಗೆರೆಯಾಗಿ ಎಳೆದ ಹತ್ತು ಬಿಲ್ಲೆಗಳು ಸಿದ್ಧವಾಗಿವೆ. ಐದರಲ್ಲಿ ಚೀನಾ ಜೇಡಿ ಹೆಚ್ಚಿಸಿದ್ದೇನೆ, ಇನ್ನು ಐದರಲ್ಲಿ ಬೀದರಿನದೇ ಬೂದುಬಿಳಿ ಜೇಡಿಯನ್ನು ಸೋಸಿ ಹಾಕಿದ್ದೇನೆ.